ಇಲಾಖೆಯ ಹಳದಿ ಡಬ್ಬಿ

ದುಡ್ಡು ಕೊಟ್ಟು ನೋಡೋ ಟಿವಿಯಲ್ಲಿ ಚಿತ್ರ ಎಷ್ಟು ಸಲ ನಿಲ್ಲುತ್ತೆ, ಮಾತು ಎಷ್ಟು ಸಲ ನುಂಗಿಹೋಗುತ್ತೆ ಅಂತ ಅಳೆಯೋಕೆ ಆ ಊರಿನಲ್ಲಿ ಒಂದು ಇಲಾಖೆ ಇತ್ತು. ಮೂರು ಮಹಡಿ, ಎರಡು ಜೀಪು, ನಲವತ್ತು ಕುರ್ಚಿ. ಅಳೆಯೋ ಡಬ್ಬಿ ಮಾತ್ರ ಒಂದೇ ಒಂದು. ಆ ಡಬ್ಬಿಯನ್ನ ಯಾವುದಾದರೂ ಒಂದು ಮನೆಯ ಟಿವಿ ಪಕ್ಕ ಒಂದೊಂದು ತಿಂಗಳು ಇಡಬೇಕು, ಆ ಮನೆಯ ಅಂಕಿಯೇ ಇಡೀ ಊರಿನ ಅಂಕಿ. ಯಾವ ಮನೆ ಅನ್ನೋದು ಪರಮ ಗುಟ್ಟು. ಗುಟ್ಟು ಕಾಪಾಡೋಕೆ ಇಲಾಖೆ ಏನು ಮಾಡಿತ್ತು ಅಂತೀರಿ? ಡಬ್ಬಿಗೆ ಕಣ್ಣು ಕುಕ್ಕೋ ಹಾಗೆ ಹಳದಿ ಬಣ್ಣ ಬಳಿದು, ತನ್ನ ಹೆಸರು ಬರೆದ ಜೀಪಿನಲ್ಲೇ ಹಾಡುಹಗಲು ಕಳಿಸುತ್ತಿತ್ತು.

ಜೀಪು ಆ ಕಡೆ ತಿರುಗಿತೋ ಇಲ್ಲವೋ, ಈ ಕಡೆಯಿಂದ ಕೇಬಲ್ ಕಂಪನಿಯವರು ಏಣಿ ಹೊತ್ತು ಹಾಜರ್. ಈ ತಿಂಗಳು ಡಬ್ಬಿ ಇದ್ದದ್ದು ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ. ಅವರ ಮನೆಗೆ ಹೊಸ ವೈರು ಬಂತು, ಕರೆಂಟು ಹೋದರೆ ಅಂತ ಎರಡು ಬ್ಯಾಟರಿ ಬಂತು. ಬಾಗಿಲಲ್ಲೊಬ್ಬ, ಬ್ಯಾಟರಿಗಳ ಪಕ್ಕ ಒಬ್ಬ, ನಡುಮನೆಯಲ್ಲಿ ವೈರು ಅಲುಗಾಡದ ಹಾಗೆ ಹಿಡ್ಕೊಂಡು ನಿಂತವನೊಬ್ಬ. ಡಾಕ್ಟರು ಟಿವಿ ನೋಡೋರೇ ಅಲ್ಲ. ಪಾಪ, ಸ್ನಾನದ ಮನೆಗೆ ಹೋಗಬೇಕಾದರೂ ಮೂವರ ಕಾಲು ದಾಟಿ ಹೋಗಬೇಕಾಗಿತ್ತು.

ಈ ಡಬ್ಬಿಯ ಉಸ್ತುವಾರಿ ಇಲಾಖೆಯ ಇನ್ಸ್‌ಪೆಕ್ಟರಮ್ಮನದು. ಹದಿನಾಲ್ಕು ವರ್ಷದ ಸರ್ವಿಸು. ಅವಳು ಕಳಿಸೋ ವರದಿ ಪ್ರಕಾರ ಊರಿನ ಟಿವಿಗಳೆಲ್ಲ ನೂರಕ್ಕೆ ತೊಂಬತ್ತೊಂಬತ್ತೂ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಎಲ್ಲಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ಮನೆಯ ನಡುಮನೆಯಲ್ಲೇ ಇತ್ತು.

ಗಂಡ ರೈಲು ಓಡಿಸೋನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇರೋದು ಇವಳು, ಮಾವ, ಟಿವಿ. ಮಾವ ನಲವತ್ತು ವರ್ಷ ಟೈಲರ್ ಆಗಿದ್ದವರು, ಮಂಡಿ ಕೈಕೊಟ್ಟ ಮೇಲೆ ಕುರ್ಚಿ ಹಿಡಿದರು. ಹನ್ನೊಂದು ವರ್ಷದಿಂದ ಒಂದೇ ಧಾರಾವಾಹಿಗೆ ಅಂಟಿಕೊಂಡಿದ್ದರು: ದೊಡ್ಡ ಮನೆ, ಒಬ್ಬ ಮುದುಕ, ಮೂವರು ಸೊಸೆಯರು. ಅದರ ಕೊನೆಯ ಕಂತು ಈ ಶುಕ್ರವಾರ ಸಂಜೆ ಐದಕ್ಕೆ.

"ಕೊನೇದಾದ್ರೂ ಪೂರ್ತಿ ತೋರಿಸ್ತೀಯೇನಮ್ಮಾ?" ಅಂತ ಭಾನುವಾರವೇ ಶುರು ಹಚ್ಕೊಂಡರು. "ಯಾರಾದ್ರೂ ಬಾಯಿ ತೆಗೆದ್ರೆ ಸಾಕು, ಹಂಗೇ ನಿಂತ್ಬಿಡ್ತಾರೆ. ನಿಮ್ಮ ಇಲಾಖೆ ಇರೋದು ಯಾತಕ್ಕೆ? ಕುರ್ಚಿ ಬಿಸಿ ಮಾಡೋಕಾ?"

ಮಾತು ಚುರುಕ್ ಅಂತು. ಇಷ್ಟು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಮಾವನ ಬಾಯಿಂದ ಒಂದೇ ಒಂದು ಒಳ್ಳೆ ಮಾತು ಬಿದ್ದಿರಲಿಲ್ಲ. ಈ ಒಂದು ಕಂತು ತಡೆಯಿಲ್ಲದೆ ಓಡಿಬಿಟ್ಟರೆ "ಪರವಾಗಿಲ್ಲ ಕಣಮ್ಮ ನೀನು" ಅಂತಲಾದರೂ ಅಂದಾರು ಅನ್ನೋ ಆಸೆ ಅವಳಿಗೆ. ಇಷ್ಟೇನಾ ಅಂತ ನಗಬೇಡಿ. ಹೊರಗೆ ದುಡಿದು, ಒಳಗೆ ಬೇಯಿಸಿ ಹಾಕಿ, ಒಂದು ಒಳ್ಳೆ ಮಾತಿಗೆ ಕಾದು ಕೂತವರನ್ನ ಕೇಳಿ ನೋಡಿ.

ಸೋಮವಾರ ಎಲ್ಲರ ಹಾಗೆ ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟಳು. ಕೊಟ್ಟು ನಾಲ್ಕು ಗಂಟೆ ಕಳೀತಿದ್ದ ಹಾಗೇ ಮೊಬೈಲಿಗೆ ಸಂದೇಶ ಬಂತು: "ನಿಮ್ಮ ದೂರು ಮುಗಿದಿದೆ." ಚಿತ್ರ ನಿಂತಲ್ಲೇ ನಿಂತಿತ್ತು. ಮೈಯೆಲ್ಲ ಉರಿದುಹೋಯ್ತು, ಆದರೆ ಯಾರನ್ನ ಬೈಯೋದು? ದೂರು ಕೊಟ್ಟ ನಾಲ್ಕು ಗಂಟೆಯೊಳಗೆ ಮುಗಿಯಲೇಬೇಕು ಅಂತ ನಿಯಮ ಬರೆದವಳು ಇವಳೇ. ರಿಪೇರಿ ಆಗಿ ಮುಗಿಯಬೇಕು ಅಂತ ಬರೆಯೋದು ಮರೆತುಹೋಗಿತ್ತು.

ಮಂಗಳವಾರ ಸಾಹೇಬರ ಮುಂದೆ ನಿಂತಳು. "ಸರ್, ಎರಡೇ ದಿನ ಡಬ್ಬಿ ನಮ್ಮ ಮನೇಲಿ ಇಡ್ಲಾ?"

ಸಾಹೇಬರು ಹಾವು ತುಳಿದವರ ಹಾಗೆ ಬೆಚ್ಚಿದರು. "ನೌಕರರ ಮನೇಲಾ? ಸುತರಾಂ ಸಾಧ್ಯ ಇಲ್ಲ. ಅಲ್ಲಮ್ಮ, ಅಂಕಿ ಇಷ್ಟು ಚೆನ್ನಾಗಿರೋವಾಗ ಟಿವಿ ಬಗ್ಗೆ ಯಾಕೆ ತಲೆ ಕೆಡಿಸ್ಕೋತೀಯ?"

ಬುಧವಾರ ಡಾಕ್ಟರ ಮನೆಗೆ ತಪಾಸಣೆಗೆ ಹೋದಳು. ವೈರು ಹಿಡಿದವನು ಹಿಡಿದೇ ಇದ್ದ. ಡಬ್ಬಿಯ ಹಿಂದೆ ಬಗ್ಗಿ ನೋಡಿದರೆ, ಪ್ಲಗ್ಗೇ ಹಾಕಿಲ್ಲ!

"ಹದಿನೈದು ದಿನ ಆಯ್ತಲ್ಲಾ" ಅಂದರು ಡಾಕ್ಟರು ಆರಾಮಾಗಿ. "ನನ್ನ ಫೋನ್ ಚಾರ್ಜ್ ಮಾಡೋಕೆ ಬೇರೆ ಪಾಯಿಂಟ್ ಎಲ್ಲಿದೆ ಹೇಳಿ. ಎಲ್ಲದರ ಮುಂದೆ ಒಬ್ಬೊಬ್ಬ ಕೂತಿದ್ದಾನೆ."

ಹಾಗಾದರೆ ದಿನಾ ಬರುತ್ತಿದ್ದ ಅಂಕಿ? ಅಂಕಿ ಬರದ ದಿನಕ್ಕೆ ಹೋದ ತಿಂಗಳ ಅಂಕಿ ಹಾಕೋದು ಇಲಾಖೆಯ ಪದ್ಧತಿ. ಹೋದ ತಿಂಗಳದ್ದು ಅದರ ಹಿಂದಿನ ತಿಂಗಳದ್ದು. ಅಂದರೆ ಹದಿನೈದು ದಿನದಿಂದ ಮೂವರು ಗಂಡಸರು ಉಸಿರಿಲ್ಲದ ಒಂದು ತಗಡಿನ ಸೇವೆ ಮಾಡ್ತಿದ್ದರು. ಇನ್ಸ್‌ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಅವಳಿಗೆ ಹೊಳೆದದ್ದೇ ಬೇರೆ. ಇವರು ಹೆದರೋದು ಅಳತೆಗಲ್ಲ, ಬಣ್ಣಕ್ಕೆ!

ಗುರುವಾರ ಬೆಳಿಗ್ಗೆ ಮಾವನ ಹಳೇ ಗುಂಡಿ ಡಬ್ಬಿಯನ್ನ ಬರಿದು ಮಾಡಿ, ಹಳದಿ ಬಣ್ಣ ಬಳಿದು, ಬೀದಿಗೆ ಕಾಣೋ ಹಾಗೆ ಕಿಟಕಿಯಲ್ಲಿ ಇಟ್ಟಳು. ಮೊಹರು ಇಲ್ಲ, ಅಕ್ಷರ ಇಲ್ಲ. ಡಬ್ಬಿಗೆ ಬಣ್ಣ ಹೊಡೆಯಬಾರದು ಅಂತ ಯಾವ ನಿಯಮವೂ ಇಲ್ಲ. ಇದ್ದಿದ್ದರೆ ಅವಳೇ ಬರೆದಿರಬೇಕಿತ್ತಲ್ಲ.

ಬಣ್ಣ ಇನ್ನೂ ಒಣಗಿರಲಿಲ್ಲ, ಬಂದೇ ಬಿಟ್ಟ ಏಣಿಯಪ್ಪ. ಕಂಪನಿಯ ಹಿರಿಯ ಕೆಲಸಗಾರ. ಅವನ ಹೆಗಲಿಂದ ಏಣಿ ಇಳಿದದ್ದನ್ನ ಕಂಡವರಿಲ್ಲ, ಅದಕ್ಕೇ ಆ ಹೆಸರು. ವೈರು ಬದಲಾಯಿಸಿದ, ಬ್ಯಾಟರಿ ಇಟ್ಟ, ಗುಂಡಿ ಡಬ್ಬಿಗೊಂದು ಕೈಮುಗಿದು ಛಾವಣಿ ಹತ್ತಿದ. ಎದುರು ಮನೆಯವರು ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಶುಕ್ರವಾರ ಬೆಳಗಾಗೋ ಹೊತ್ತಿಗೆ ಬೀದಿಯ ಕಿಟಕಿ ಕಿಟಕಿಯಲ್ಲೂ ಹಳದಿ: ಬಿಸ್ಕತ್ತಿನ ಡಬ್ಬಿ, ಬೂಟಿನ ಪೆಟ್ಟಿಗೆ, ಒಂದು ಮನೆಯಲ್ಲಂತೂ ಇಸ್ತ್ರಿ ಪೆಟ್ಟಿಗೆ. ಕಂಪನಿಯವರು ಎದ್ದೆವೋ ಬಿದ್ದೆವೋ ಅಂತ ಛಾವಣಿಯಿಂದ ಛಾವಣಿಗೆ ಓಡಾಡುತ್ತಿದ್ದರು. ಡಾಕ್ಟರ ಮನೆ ಪೂರಾ ಖಾಲಿ. ಅವರು ಫೋನ್ ಮಾಡಿ ಅಳೋದೊಂದು ಬಾಕಿ, ಅಷ್ಟು ಉಪಕಾರ ಸ್ಮರಿಸಿದರು.

ಸಂಜೆ ಐದಕ್ಕೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತರು. ಏಣಿಯಪ್ಪ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ. ಇನ್ಸ್‌ಪೆಕ್ಟರಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕಂತು ಶುರುವಾಯ್ತು. ಎಂಥಾ ಚಿತ್ರ! ಹಿರಿಸೊಸೆಯ ಮೂಗುಬೊಟ್ಟಿನ ಕಲ್ಲು ಎಣಿಸಬಹುದಿತ್ತು. ಒಂದಕ್ಷರ ನುಂಗಿಹೋಗಲಿಲ್ಲ.

ಹತ್ತು ನಿಮಿಷಕ್ಕೆ ಮಾವನ ಹುಬ್ಬು ಗಂಟಾಯ್ತು. "ಇವಳ್ಯಾಕೆ ಹಿಂಗೆ ಮಾತಾಡ್ತಾಳೆ?" ಇಪ್ಪತ್ತು ನಿಮಿಷಕ್ಕೆ, "ಏ, ಆ ಸೀಸೆ ಯಾತರದ್ದು?" ಹಿರಿಸೊಸೆ ಹನ್ನೊಂದು ವರ್ಷದಿಂದ ಮುದುಕನ ಔಷಧಿಗೆ ವಿಷ ಬೆರೆಸ್ತಿದ್ದಳಂತೆ. ಎಲ್ಲ ಬಾಯಿಬಿಟ್ಟು, ನಕ್ಕು, ಜೈಲಿಗೆ ಹೋದಳು. ಕಿರಿಸೊಸೆಗೆ ಬೀಗದ ಕೈ ಸಿಕ್ಕಿತು. ಮುಗೀತು.

ಇನ್ಸ್‌ಪೆಕ್ಟರಮ್ಮ ತಡೀಲಾರದೆ ಕೇಳಿದಳು. "ಹೇಗಿತ್ತು ಮಾವ?"

"ದೂರು ಬರ್ಕೋ" ಅಂದರು.

"ದೂರಾ?"

"ಚಿತ್ರ ನಿಲ್ಲಲೇ ಇಲ್ಲ, ಅಂತ ಬರ್ಕೋ. ಇದು ನಾನು ನೋಡ್ತಿದ್ದ ಕಥೆ ಅಲ್ಲ. ನಿಂತಾಗೆಲ್ಲ ಮುಂದಿನ ಮಾತು ನಾನೇ ಹಾಕ್ಕೊಂಡು ನೋಡ್ತಿದ್ದೆ. ಯಾರು ಹೇಳಿದ್ರಮ್ಮ ನಿಂಗೆ ಇದನ್ನ ಸರಿ ಮಾಡು ಅಂತ?"

ಅವಳ ಕಣ್ಣು ತುಂಬಿಬಂತು. ನಾಲ್ಕು ದಿನ ಒದ್ದಾಡಿದ್ದು ನೀರಲ್ಲಿ ಹೋಮ ಆಯ್ತಲ್ಲಾ ಅಂತ ಸಂಕಟ. ಆದರೂ ಅಭ್ಯಾಸ ಬಿಡುತ್ತಾ? ಅರ್ಜಿ ತೆಗೆದು ಬರೆದಳು. ತೊಂದರೆಯ ವಿಧ ಅನ್ನೋ ಕಡೆ ಹದಿನೆಂಟು ಸಾಲಿದ್ದವು, ಚಿತ್ರ ಚೆನ್ನಾಗಿ ಬಂತು ಅನ್ನೋ ಸಾಲು ಇರಲಿಲ್ಲ. ಬದಿಯಲ್ಲಿ ಕೈಯಾರೆ ಬರೆದಳು.

ಏಣಿಯಪ್ಪನ ಮುಖ ಬಿಳುಚಿಕೊಂಡಿತು. "ಡಬ್ಬಿ ಇರೋ ಮನೇಲಿ ದೂರು ಹಂಗೇ ಮುಗಿಸೋ ಹಾಗಿಲ್ಲ ಮೇಡಂ, ರಿಪೇರಿ ಮಾಡ್ಲೇಬೇಕು. ಯಜಮಾನ್ರೇ, ಏಳಕ್ಕೆ ಇದೇ ಕಂತು ಇನ್ನೊಂದು ಸಲ ಹಾಕ್ತಾರೆ. ಮೊದಲಿನ ಥರಾನೇ ಮಾಡಿಕೊಡ್ತೀನಿ, ಕೋಪ ಮಾಡ್ಕೋಬೇಡಿ" ಅಂತ ಏಣಿ ಹತ್ತಿದ.

ಏಳಕ್ಕೆ ಕಂತು ಬಂತು. ಮೇಲೆ ಅವನು ವೈರು ಸಡಿಲ ಮಾಡಿದ. ಹಿರಿಸೊಸೆ ಸೀಸೆ ಹಿಡಿದು ಬಾಗಿದವಳು ಹಾಗೇ ನಿಂತಳು. ಮಾತು ನುಂಗಿಹೋಯ್ತು.

"ಹಾಂ, ಈಗ ಬಂದ್ಲು ನೋಡು" ಅಂದರು ಮಾವ, ಮುಖ ಅರಳಿ. "ಕೂತ್ಕೋ ಬಾ. ಆ ಮನೇಲಿ ಹೊರಗೆ ಹೋಗಿ ದುಡಿಯೋಳು ಇವಳೊಬ್ಬಳೇ. ಈಗ ತಾನೇ ಆಫೀಸಿಂದ ಬಂದಿದ್ದಾಳೆ. ಚಪ್ಪಲಿ ಬಿಟ್ಟವಳು ಸೀದಾ ಒಲೆ ಮುಂದೆ. ಕೈಲಿರೋದು ಮುದುಕನ ಮಂಡಿಗೆ ಹಚ್ಚೋ ಎಣ್ಣೆ."

ಇನ್ಸ್‌ಪೆಕ್ಟರಮ್ಮ ಕೂತಳು. "ಮುದುಕ ಏನಂತಾನೆ ಮಾವ?"

"ಏನೂ ಅನ್ನಲ್ಲ, ದಡ್ಡ ನನ್ಮಗ. ಬರೀ ರೇಗ್ತಾನೆ. ಅವನಿಗೆ ಎಲ್ಲಾ ಗೊತ್ತು ಕಣಮ್ಮ, ಬಾಯಿ ಬರಲ್ಲ ಅಷ್ಟೆ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ." ಮಾವ ಟಿವಿಯಿಂದ ಕಣ್ಣು ಕೀಳಲಿಲ್ಲ. "ಇವತ್ತು ಕೊನೇ ಕಂತು. ಇವತ್ತು ಹೇಳ್ಬೇಕು ಅಂತ ಬಾಯಿ ತೆಗೆದಿದ್ದಾನೆ. ಅಮ್ಮಾ, ನೀನು ಇಲ್ದಿದ್ರೆ ಈ ಮನೆ..."

ಅಷ್ಟರಲ್ಲಿ ಚಿತ್ರ ಜಗ್ಗಿ ಅಲ್ಲಾಡಿತು. ಹಿರಿಸೊಸೆ ಸೀಸೆ ಬಗ್ಗಿಸಿ, ಹಲ್ಲು ಬಿಟ್ಟು ನಗೋಕೆ ಶುರು ಮಾಡಿದಳು. ಮಾವನ ಬಾಯಿ ಟಪ್ಪಂತ ಮುಚ್ಚಿಕೊಂಡಿತು.

ಇನ್ಸ್‌ಪೆಕ್ಟರಮ್ಮ ಎದ್ದು ಕಿಟಕಿಗೆ ಓಡಿದಳು, ಬೀದಿಯೆಲ್ಲ ಕೇಳೋ ಹಾಗೆ ಕೂಗಿದಳು: "ಏಣಿಯಪ್ಪಾ! ಚಿತ್ರ ಓಡ್ತಾ ಇದೆ ಕಣ್ರೀ! ನಿಲ್ಸಿ, ಬೇಗ ನಿಲ್ಸಿ!"