ಹದಿನೇಳನೆಯ ಕೊಲೆಯ ಕೊನೆಯ ಅಧ್ಯಾಯ

ಇದುವರೆಗೆ ನಾನು ಹತ್ತೊಂಬತ್ತು ಜನರನ್ನು ಕೊಂದಿದ್ದೇನೆ. ಎಲ್ಲರನ್ನೂ ಹೊಳಲ್ಕೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ಕಾಗದದಲ್ಲಿ. ಒಂದೊಂದು ಕೊಲೆಗೂ ಒಂದೊಂದು ಕಾದಂಬರಿ. ಹತ್ತೊಂಬತ್ತನ್ನೂ ಪತ್ತೆ ಮಾಡಿದವಳು ಒಬ್ಬಳೇ. ಚಿತ್ರದುರ್ಗದಲ್ಲಿ ಕನ್ನಡಕದ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕಚೇರಿ ಇಟ್ಟುಕೊಂಡ ಖಾಸಗಿ ಪತ್ತೇದಾರಿಣಿ ಶಿವಗಂಗಮ್ಮ. ಅವಳಿಗೆ ಯಾವುದಕ್ಕೂ ಹೆದರಿಕೆ ಇಲ್ಲ. ನನಗೆ ಎಲ್ಲದಕ್ಕೂ ಇದೆ.

ಮೂರನೆಯ ಕಾದಂಬರಿಯಲ್ಲಿ ಬಾಗೂರಿನ ಗೋವಿಂದಯ್ಯ ಎಂಬವನನ್ನು ತೋಟದ ಬಾವಿಗೆ ತಳ್ಳಿಸಿದ್ದೆ. ಪುಸ್ತಕ ಬಂದ ತಿಂಗಳಿಗೆ ಬಾಗೂರಿನ ನಿಜವಾದ ಗೋವಿಂದಯ್ಯನವರು ಎರಡು ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನೋಡ್ಕಳ್ರಿ, ಇನ್ನೂ ಬದುಕಿದೀನಿ. ಬಾವಿಗೆ ಬಿದ್ದೋನ ತೋಟದ ಕಾಯಿ ಇವು, ತಗಳ್ರಿ" ಎಂದು ನಕ್ಕು ಹೋದರು. ಅವರು ನಕ್ಕರು, ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಕೊಲೆಯಾಗುವವರ ಹೆಸರನ್ನು ಮೊದಲು ಮತದಾರರ ಪಟ್ಟಿಯಲ್ಲಿ ಹುಡುಕುತ್ತೇನೆ. ಆ ಹೋಬಳಿಯಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವರನ್ನು ಸಾಯಲು ಬಿಡುತ್ತೇನೆ. ಅಚ್ಚಾದ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ತಪ್ಪು ಹುಡುಕುತ್ತಾ ಕೂರುತ್ತೇನೆಂದು ನನಗೆ ಗೊತ್ತು.

ಕಳೆದ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ಹೊರಗೆ ಗಂಡ ಹೆಂಡತಿ ನಿಂತಿದ್ದರು. ಗಂಡಸಿನ ಹೆಗಲ ಮೇಲೆ ಮಡಿಸಿದ ಕರಿಕಂಬಳಿ. ಹೆಂಗಸಿನ ಕೈಯಲ್ಲಿ ಬಸ್ಸಿನ ಟಿಕೆಟ್ಟುಗಳು ಇನ್ನೂ ಇದ್ದವು.

"ಕೊಲೆ ಬರೆಯಾ ಅಮ್ಮಾರ ಮನೆ ಇದೇನಾ?" ಎಂದು ಕೇಳಿದಳು.

ನನ್ನ ಗಂಡ ರಘುನಾಥ್ ಒಳಗಿನಿಂದಲೇ ಕೂಗಿದರು. "ಇದೇ, ಬರ್ರಿ. ಅವಳು ಕೈಲಿ ಏನೂ ಹಿಡ್ಕೊಂಡಿಲ್ಲ, ಧೈರ್ಯವಾಗಿ ಬರ್ರಿ."

ಬಂದವರು ಧರ್ಮಪುರದಿಂದ ಎರಡು ಮೈಲಿ ಒಳಗಿನ ಕುರಿಗಾರರ ಹಟ್ಟಿಯ ಎತ್ತಪ್ಪ ಮತ್ತು ಅವನ ಹೆಂಡತಿ ಜಯಕ್ಕ. ಹಿರಿಯೂರು, ಚಿತ್ರದುರ್ಗ ಎಂದು ಮೂರು ಬಸ್ಸು ಬದಲಿಸಿ ಬಂದಿದ್ದರು. ನಾನು ನೀರು ಕೊಟ್ಟೆ. ಎತ್ತಪ್ಪ ಕುಡಿಯದೆ, ತನ್ನ ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ.

"ಎಡಗಿವಿ ತುದೀಲಿ ಅರ್ಧ ಚಂದ್ರ. ಬಲಗಿವೀಲಿ ಎಲ್ಡು ಸೀಳು. ಇದು ಯಾರ ಗುರುತು, ಹೇಳ್ರಿ ನೋಡಾಣ."

ಅದು ನನ್ನ ಹದಿನೇಳನೆಯ ಕಾದಂಬರಿಯಲ್ಲಿ, ಒಡೆಯ ಯಾರೆಂದು ತಿಳಿಯಲು ಕುರಿಗಳ ಕಿವಿ ಕೊಯ್ದು ಹಾಕಿದ ಗುರುತು.

"ನಮ್ಮಜ್ಜಂದು" ಎಂದ ಎತ್ತಪ್ಪ. "ನಮ್ಮಜ್ಜ ಹಾಕಿದ ಗುರುತು, ನಮ್ಮಪ್ಪ ಹಾಕಿದ್ದು, ನಾನು ಹಾಕ್ತಿರೋದು. ನಿಮ್ಮ ಪುಸ್ತಕಕ್ಕೆ ಹೆಂಗೆ ಬಂತು?"

ಹೇಗೆ ಬಂತೆಂದು ನನಗೆ ಚೆನ್ನಾಗಿ ನೆನಪಿತ್ತು. ನಾಲ್ಕು ವರ್ಷದ ಹಿಂದೆ ಧರ್ಮಪುರದ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದು ನಮ್ಮ ಬಸ್ಸು ನಿಂತಿತ್ತು. ಒಂದು ಕುರಿ ಬಸ್ಸಿನ ಮೆಟ್ಟಿಲಿಗೆ ಮೂತಿ ಇಟ್ಟು ನನ್ನನ್ನೇ ನೋಡಿತು. ಅದರ ಕಿವಿ ನನಗೆ ಇಷ್ಟವಾಯಿತು. ಚೀಲದಿಂದ ಪೆನ್ನು ತೆಗೆದು ಹಾಗೆಯೇ ಬರೆದುಕೊಂಡೆ. ಮತದಾರರ ಪಟ್ಟಿಯಲ್ಲಿ ಕುರಿಗಳ ಕಿವಿ ಇರುವುದಿಲ್ಲವಲ್ಲ.

ಹೇಳಿದೆ. ಜಯಕ್ಕ ಗಂಡನ ಕಡೆ ತಿರುಗಿ, "ನಾ ಹೇಳ್ಲಿಲ್ವಾ? ನಿನ್ನ ಕುರೀನೇ ಹೋಗಿ ಹೇಳೈತೆ" ಎಂದಳು.

ವಿಷಯ ಹೀಗಿತ್ತು. ಹಟ್ಟಿಯವರೆಲ್ಲ ಆ ಪುಸ್ತಕವನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಓದಿದ್ದರು, ಓದಲು ಬಾರದವರಿಗೆ ಓದಿ ಹೇಳಿದ್ದರು. ಅದರಲ್ಲಿ ಒಬ್ಬ ಕುರಿ ವ್ಯಾಪಾರಿಯ ಕೊಲೆಯಾಗುತ್ತದೆ. ಅವನ ರೊಪ್ಪದಲ್ಲಿ, ಕುರಿ ಕೂಡುವ ದೊಡ್ಡಿಯಲ್ಲಿ, ಅರ್ಧ ಚಂದ್ರದ ಗುರುತಿನ ಕುರಿಗಳು ಸಿಗುತ್ತವೆ. ಕದ್ದ ಕುರಿ ಬಿಡಿಸಿಕೊಳ್ಳಲು ಬಂದ ಗುರುತಿನ ಒಡೆಯನೇ ಕೊಂದನೆಂದು ಪೊಲೀಸರು ಅವನನ್ನು ಜೀಪಿಗೆ ಹತ್ತಿಸುತ್ತಾರೆ. ಹಟ್ಟಿಯಿಂದ ಮಾತು ಸಂತೆಗೆ ಹೋಯಿತು. ಎತ್ತಪ್ಪ ಕುರಿ ಹೊಡೆದುಕೊಂಡು ಹೋದರೆ ಸಾಕು, "ದಾರಿ ಬಿಡ್ರಪ್ಪೋ, ಕೊಲೆಗಾರ ಬಂದ" ಎಂದು ನಗುತ್ತಿದ್ದರು.

"ನಗ್ಲಿ, ಅದಕ್ಕೇನು" ಎಂದ ಎತ್ತಪ್ಪ. "ಆದ್ರೆ ನಾಳೆ ಮರಿಗಳ ಕಿವಿ ಕೊಯ್ಯೋ ದಿನ. ನಲವತ್ತೆಲ್ಡು ಮರಿ ಅವೆ. ಕೊಯ್ಯೋನು ನಮ್ಮ ದೊಡ್ಡಪ್ಪ ದೊಡ್ಡತಿಮ್ಮಪ್ಪ. ಹಟ್ಟಿಗೇ ಹಿರಿಯ. ಆ ಕೆಟ್ಟ ಗುರುತು ನನ್ನ ಕೈಲಿ ಹಾಕಲ್ಲ, ಬೇರೆ ಗುರುತು ಹೇಳು ಅಂತ ಕುಂತವ್ನೆ."

"ಬೇರೆ ಹಾಕಿದರೆ ಏನಾಗುತ್ತೆ?"

ಎತ್ತಪ್ಪ ಈಗ ನೀರು ಕುಡಿದ. "ನಮ್ಮ ಕುರಿ ತಪ್ಪಿಸ್ಕಂಡು ಆಂಧ್ರದ ಕಡೆ ಹೋದ್ರೂ ಆ ಕಡೆಯೋರು ಕಿವಿ ನೋಡಿ ಹೊಡ್ಕಂಡ್ ಬಂದು ಬಿಟ್ಟೋಗ್ತಾರೆ. ಮೂರು ತಲೆಮಾರಿಂದ ಗೊತ್ತು ಅವ್ರಿಗೆ. ಹೊಸ ಗುರುತು ಯಾರಿಗೆ ಗೊತ್ತೈತೆ? ಮತ್ತೆ… ನಮ್ಮಪ್ಪ ಇಲ್ಲ ಈಗ. ಅವನ ಕೈ ಅಂತ ಉಳ್ದಿರೋದು ಆ ಕಿವೀಲೇ."

ನನಗೆ ತಡೆಯಲಾಗಲಿಲ್ಲ. "ಆದರೆ ಅವನು ಕೊಲೆಗಾರ ಅಲ್ಲವಲ್ಲ! ಕೊನೆಯ ಅಧ್ಯಾಯದಲ್ಲಿ ಶಿವಗಂಗಮ್ಮ ಅವನನ್ನು ಬಿಡಿಸುತ್ತಾಳೆ. ಹತ್ತೊಂಬತ್ತನೇ ಅಧ್ಯಾಯ ಓದಲಿಲ್ಲವೇ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಹತ್ತೊಂಬತ್ತು ಎಲ್ಲೈತೆ?" ಎಂದಳು ಜಯಕ್ಕ. "ಜೀಪು ಹತ್ತಿಸಿದ್ರು, ಪುಸ್ತಕ ಮುಗೀತು. ಹಿಂದ್ಗಡೆ ಒಂದು ಕೆಂಪು ದಾರ ಕಟ್ಟೈತೆ, ಅಷ್ಟೇ."

ಕೆಂಪು ದಾರ! ನನ್ನ ಪ್ರಕಾಶಕರು ಯಾವ ಪುಸ್ತಕಕ್ಕೂ ದಾರ ಕಟ್ಟಿದವರಲ್ಲ. ಪುಸ್ತಕ ಎಲ್ಲಿಂದ ಬಂತೆಂದು ಕೇಳಿದೆ. ಧರ್ಮಪುರದಲ್ಲಿ ಬ್ಲೌಸು ಹೊಲಿಯುವ ಬಸಮ್ಮ ಅಂಗಡಿಯ ಒಂದು ಗೋಡೆಗೆ ಪುಸ್ತಕ ಜೋಡಿಸಿಕೊಂಡು ಓದಲು ಕೊಡುತ್ತಾಳೆ, ಎತ್ತಪ್ಪನ ಚಿಕ್ಕಪ್ಪನ ಮಗ ಮಂಜಣ್ಣ ತಂದಿದ್ದ ಎಂದರು.

ಅಪರಿಚಿತರ ನಡುವೆ ಹೋಗುವುದೆಂದರೆ ನನಗೆ ಆಗದು. ನಾನು ಕೊಲೆ ಮಾಡಿಸಿದ ಊರುಗಳನ್ನು ಹೆಚ್ಚಾಗಿ ಬಸ್ಸಿನ ಕಿಟಕಿಯಿಂದಲೇ ನೋಡಿದ್ದೇನೆ. ಆದರೆ ಒಬ್ಬ ಮನುಷ್ಯನ ಅಪ್ಪನ ಕೈಗುರುತು ನನ್ನಿಂದ ಅಳಿಸಿಹೋಗುತ್ತಿತ್ತು.

"ಶಿವಗಂಗಮ್ಮ ಇದ್ದಿದ್ದರೆ ಇಷ್ಟೊತ್ತಿಗೆ ಚಪ್ಪಲಿ ಹಾಕ್ಕೊಂಡಿರ್ತಿದ್ದಳು" ಎಂದರು ರಘುನಾಥ್, ಪೇಪರಿನಿಂದ ತಲೆ ಎತ್ತದೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಬಸಮ್ಮನ ಅಂಗಡಿಯಲ್ಲಿ ಎತ್ತಪ್ಪ, ಜಯಕ್ಕ ನನಗಾಗಿ ಕಾಯುತ್ತಿದ್ದರು. ಬಸಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಮಿಷನ್ನಿನ ಮುಂದೆ ಕುಳಿತಿದ್ದಳು. ಗೋಡೆಯ ಮೇಲೆ ನನ್ನ ಪತ್ತೇದಾರಿಣಿ ಸಾಲಾಗಿ ನಿಂತಿದ್ದಳು. ಒಂದು ಪುಸ್ತಕ ತೆಗೆದೆ. ಹೊಸದುರ್ಗದ ತೆಂಗಿನಕಾಯಿ ಮಂಡಿಯಲ್ಲಿ ಕೊಲೆಯಾಗುವ ಆರನೆಯದು. ಕೊನೆಯಲ್ಲಿ ಕೆಂಪು ದಾರ, ಕೊನೆಯ ಅಧ್ಯಾಯ ಇಲ್ಲ. ಇನ್ನೊಂದು, ವಾಣಿವಿಲಾಸ ಸಾಗರದ ದಡದಲ್ಲಿ ಎಂಜಿನಿಯರ್ ಸಾಯುವುದು. ಅದಕ್ಕೂ ಇಲ್ಲ. ಇನ್ನೊಂದಕ್ಕೆ ಕೈ ಹಾಕಿದೆ.

"ಹತ್ತೊಂಬತ್ತೂ ಹಂಗೇ ಅವೆ" ಎಂದಳು ಬಸಮ್ಮ ಹೆಮ್ಮೆಯಿಂದ. "ಪತ್ತೇದಾರಿ ತಗಂಡ್ ಹೋದೋರು ಒಬ್ರೂ ವಾಪಸ್ ತರ್ತಿರ್ಲಿಲ್ಲ. ಅದಕ್ಕೆ ಹೊಲಿಗೆ ಬಿಚ್ಚಿ ಕೊನೇದನ್ನ ತೆಗ್ದು ಇಟ್ಕಂಡೆ. ಪುಸ್ತಕ ತಂದ್ಕೊಡು, ಇಲ್ಲೇ ಕುಂತು ಕೊನೇದು ಓದು, ಹೋಗು. ಕೆಂಪು ದಾರ ಅಂದ್ರೆ ಇನ್ನೂ ಐತೆ ಅಂತ ಗುರುತು. ಈಗ ಎಲ್ರೂ ಓಡೋಡಿ ಬರ್ತಾರೆ. ಹಟ್ಟಿ ಮಂಜಣ್ಣ ಒಬ್ನೇ ಬಂದಿಲ್ಲ."

ಮಿಷನ್ನಿನ ಡ್ರಾಯರ್ ಎಳೆದಳು. ಗುಂಡಿ, ಹುಕ್ಕು, ರೀಲುಗಳ ನಡುವೆ ನನ್ನ ಕೊನೆಯ ಅಧ್ಯಾಯಗಳೆಲ್ಲ ಅಚ್ಚುಕಟ್ಟಾಗಿ ಹೊಲಿಸಿಕೊಂಡು ಮಲಗಿದ್ದವು. ಕೊಲೆಗಾರರೆಲ್ಲ ಒಂದೇ ಡ್ರಾಯರಿನಲ್ಲಿ.

ನಾನು ಯಾರೆಂದು ಹೇಳಿ ಹದಿನೇಳನೆಯದನ್ನು ಕೇಳಿದೆ. ಬಸಮ್ಮ ಎದ್ದು ನಿಂತು ಕೈ ಮುಗಿದಳು, ಸ್ಟೂಲು ಒರೆಸಿದಳು, "ಕುಂತ್ಕಳ್ರಿ ಅಮ್ಮಾ" ಎಂದಳು, ಆಮೇಲೆ ಡ್ರಾಯರ್ ಮುಚ್ಚಿದಳು.

"ಪುಸ್ತಕ ಬಂದಿಲ್ವಲ್ಲ ಅಮ್ಮಾ. ನೀವೇ ಬರ್ದಿದ್ರೂ ಅಷ್ಟೇ. ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ."

ಜಯಕ್ಕ ಸೊಂಟಕ್ಕೆ ಕೈ ಇಟ್ಟಳು. "ಏ ಬಸಮ್ಮಾ, ಅಲ್ಲಿ ಮರಿ ಹಿಡ್ಕಂಡ್ ಕುಂತವ್ರೆ! ಪುಸ್ತಕ ದೊಡ್ಡಪ್ಪನ ತಲೆದಿಂಬಿನ ಕೆಳಗೈತೆ. ನೀನೇ ಬಂದು ಇಸ್ಕ, ನಿನ್ನ ಕೈಯಾರೆ ಕೊಡು. ನಡಿ, ಹೋಗಾಣ."

ಬಸಮ್ಮ ಯೋಚಿಸಿ, ಹದಿನೇಳನೆಯದನ್ನು ಬ್ಲೌಸಿನ ಕವರಿನಲ್ಲಿ ಹಾಕಿ, ಗೋಡೆಯಿಂದ ಇನ್ನೊಂದು ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ಬಾಗಿಲು ಹಾಕಿದಳು.

ಹಟ್ಟಿಯಲ್ಲಿ ಜಾಲಿಮುಳ್ಳಿನ ಬೇಲಿಯ ರೊಪ್ಪದೊಳಗೆ ಮರಿಗಳು ಒಂದೇ ಸಮನೆ ಅರಚುತ್ತಿದ್ದವು. ಬೇವಿನ ಮರದ ಕೆಳಗೆ ದೊಡ್ಡತಿಮ್ಮಪ್ಪ ಕುಳಿತಿದ್ದರು. ಪಕ್ಕದಲ್ಲಿ ಸಾಣೆ ಹಿಡಿದ ಸಣ್ಣ ಚೂರಿ, ಒಂದು ತಟ್ಟೆಯಲ್ಲಿ ಬೂದಿ. ಸುತ್ತ ಹದಿನೈದಿಪ್ಪತ್ತು ಜನ. ನನ್ನನ್ನು ಕಂಡದ್ದೇ ಒಬ್ಬ ಕೆಂಪು ಟವೆಲಿನವನು ಕೂಗಿದ. "ಓಹೋ, ಶಿವಗಂಗಮ್ಮನ್ನೇ ಕರ್ಕಂಡ್ ಬಂದವ್ನೆ ಕೊಲೆಗಾರ!"

ಮಂಜಣ್ಣ ಇವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಸಮ್ಮ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಏನಪ್ಪ ಮಂಜಣ್ಣ, ಕೊನೇದು ನನ್ನತ್ರ ಐತೆ, ಬಂದು ಓದು ಅಂತ ಹೇಳಿದ್ನೋ ಇಲ್ವೋ?"

ಮಂಜಣ್ಣ ತಲೆ ಕೆರೆದುಕೊಂಡ. "ಹೇಳಿದ್ದೆ ಕಣಕ್ಕ. ಆದ್ರೆ ಜೀಪು ಹತ್ತಿಸಿ ಆಯ್ತಲ್ಲ! ಇನ್ನೇನಿರ್ತೈತೆ, ಜೈಲಿಗೆ ಹಾಕಿ ಬುದ್ಧಿ ಹೇಳ್ತಾರೆ ಅಂದ್ಕಂಡೆ. ನಂಗೆ ಅಷ್ಟಕ್ಕೇ ಕತೆ ಚೆನ್ನಾಗಿತ್ತು."

"ಲೇ!" ಎಂದರು ದೊಡ್ಡತಿಮ್ಮಪ್ಪ. "ಇನ್ನೂ ಐತಾ ಅದು?"

ಮುದುಕರು ತಾವೇ ಎದ್ದು ಗುಡಿಸಲಿಗೆ ಹೋಗಿ ಪುಸ್ತಕ ತಂದರು. ಬಸಮ್ಮ ಹಾಳೆ ತಿರುವಿ ನೋಡಿ, ಕಂಬಳಿಯ ಉಣ್ಣೆ ಊದಿ ತೆಗೆದು, ಆಮೇಲೆ ಕೊನೆಯ ಅಧ್ಯಾಯವನ್ನು ನನ್ನ ಕೈಗಿಟ್ಟಳು. "ನೀವೇ ಓದ್ರಿ."

ನಾನು ಎಂದೂ ಜನರ ಮುಂದೆ ಓದಿದವಳಲ್ಲ. ಮೊದಲ ಪುಟದಲ್ಲಿ ನನ್ನ ದನಿ ಮರಿಗಳ ಅರಚಾಟದಲ್ಲಿ ಮುಳುಗಿತು. "ಜೋರಾಗಿ!" ಎಂದರು. ಜೋರಾಗಿ ಓದಿದೆ. ಶಿವಗಂಗಮ್ಮ ಸತ್ತ ವ್ಯಾಪಾರಿಯ ರೊಪ್ಪಕ್ಕೆ ಬರುತ್ತಾಳೆ. ಒಂದು ಕುರಿಯ ಕಿವಿ ಹಿಡಿದು ಅಂಚನ್ನು ಸವರುತ್ತಾಳೆ. ಮರಿಯಾಗಿದ್ದಾಗ ಕೊಯ್ದ ಕಿವಿಯ ಅಂಚು ಬೆಳೆಯುತ್ತಾ ದುಂಡಗಾಗಿ, ಮೇಲೆ ಕೂದಲು ಮುಚ್ಚಿರುತ್ತದೆ. ಈ ಕುರಿಯ ಅಂಚು ಚೂಪಾಗಿದೆ, ಹಕ್ಕಳೆ ಕಟ್ಟಿದೆ. ಹಾಗಾದರೆ ಇದು ಮೊನ್ನೆ ಮೊನ್ನೆ ಕೊಯ್ದ ಗುರುತು. ವ್ಯಾಪಾರಿಯ ಪಾಲುದಾರನೇ ಅವನನ್ನು ಕೊಂದು, ಅವನ ಸ್ವಂತ ಕುರಿಗಳ ಕಿವಿಯನ್ನೇ ಕೊಯ್ದು, ಪಾಪದ ಕುರಿಗಾರನ ತಲೆಗೆ ಕಟ್ಟಿದ್ದಾನೆ.

"ನಿಲ್ಸ್ರಿ" ಎಂದರು ದೊಡ್ಡತಿಮ್ಮಪ್ಪ.

ನಾನು ನಿಲ್ಲಿಸಿದೆ. ಆ ಕಿವಿಯ ವಿಷಯ ನಾನು ಯಾವ ಕುರಿಯನ್ನೂ ಮುಟ್ಟಿ ನೋಡಿ ಬರೆದದ್ದಲ್ಲ. ನಮ್ಮ ಮನೆಗೆಲಸದ ಸಿದ್ದಕ್ಕನ ಮೂಗುಬೊಟ್ಟಿನ ಹಳೆಯ ತೂತಿನ ದುಂಡನೆಯ ಅಂಚು ನೋಡಿ ಊಹಿಸಿ ಬರೆದದ್ದು. ಊಹೆ ತಪ್ಪಾಗಿದ್ದರೆ ಈ ಅಧ್ಯಾಯಕ್ಕೆ ಇಲ್ಲಿ ಯಾರೂ ಬೆಲೆ ಕೊಡುವುದಿಲ್ಲ, ಎತ್ತಪ್ಪನ ಗುರುತಿಗೂ ಕೊಡುವುದಿಲ್ಲ. ಅವನು ಕಂಬಳಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ.

ಮುದುಕರು ರೊಪ್ಪಕ್ಕೆ ಹೋಗಿ ಎತ್ತಪ್ಪನ ಒಂದು ಮುದಿ ಕುರಿಯನ್ನು ಎಳೆದು ತಂದರು. ಕಣ್ಣು ಮುಚ್ಚಿ ಎಡಗಿವಿಯ ಅರ್ಧ ಚಂದ್ರವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ಬಲಗಿವಿ. ಮತ್ತೆ ಎಡಗಿವಿ. ಮರಿಗಳು ಅರಚುತ್ತಲೇ ಇದ್ದವು.

"ದುಂಡಗೈತೆ" ಎಂದರು ಕೊನೆಗೆ. "ಕೂದ್ಲೂ ಐತೆ. ಅರವತ್ತು ವರ್ಷದಿಂದ ಕೊಯ್ತಿದೀನಿ, ಇದು ನಂಗೆ ಹೊಳೀಲಿಲ್ಲ, ಆ ಹೆಂಗ್ಸಿಗೆ ಹೊಳೀತು ನೋಡು!" ನನ್ನ ಕಡೆ ತಿರುಗಿ, "ಒಂದು ತಪ್ಪೈತೆ ಅಮ್ಮಾ. ಹಿಂದೆ ಮೂರನೇ ಅಧ್ಯಾಯದಾಗೆ ಗಾಯಕ್ಕೆ ಅರಿಶಿನ ಹಚ್ಚಿದ್ರು ಅಂತ ಬರ್ದೀರಿ. ನಾವು ಬೂದಿ ಹಚ್ಚೋದು."

"ತಿದ್ದುತ್ತೇನೆ" ಎಂದೆ. ಒಂದು ತಪ್ಪು ಕಂಡು ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ದೊಡ್ಡತಿಮ್ಮಪ್ಪ ಚೂರಿ ಕೈಗೆತ್ತಿಕೊಂಡರು. "ಏ ಎತ್ತಪ್ಪ, ಮರಿ ತಾರೋ. ನಿಮ್ಮಜ್ಜನ ಗುರುತೇ. ಮಂಜಣ್ಣ, ನೀನು ನಲವತ್ತೆಲ್ಡು ಮರೀನೂ ಹಿಡ್ಕಂಡು ಕುಂತ್ಕಬೇಕು ಇವತ್ತು. ಕತೆ ಅರ್ಧಕ್ಕೆ ಬಿಟ್ಟಂಗೆ ಕೆಲ್ಸ ಅರ್ಧಕ್ಕೆ ಬಿಟ್ಟೀಯ, ಜ್ವಾಕೆ."

ಎತ್ತಪ್ಪ ಮೊದಲ ಮರಿಯನ್ನು ತಂದ. ಮಂಜಣ್ಣನಿಗೆ ಕೊಡಲಿಲ್ಲ. ನನ್ನ ಮಡಿಲಲ್ಲಿ ಇಟ್ಟ. "ಇದೊಂದು ನೀವು ಹಿಡ್ಕಳ್ರಿ ಅಮ್ಮಾ." ಕಪ್ಪು ಮರಿ, ಬಿಸಿಯಾಗಿತ್ತು. ಅದರ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಚೂರಿ ಮೂರು ಸಲ ಚಕ್ ಎಂದಿತು, ಬೂದಿ ಬಿತ್ತು, ಮರಿ ಒಮ್ಮೆ ಕಿರುಚಿ ಸುಮ್ಮನಾಯಿತು. ಕಣ್ಣು ಬಿಟ್ಟಾಗ ಬಸ್ಸಿನ ಮೆಟ್ಟಿಲ ಬಳಿ ನಾನು ಕಂಡ ಕಿವಿಯೇ ಮಡಿಲಲ್ಲಿತ್ತು, ಚಿಕ್ಕದಾಗಿ. ಎತ್ತಪ್ಪ ಆ ಕಿವಿಯನ್ನೇ ನೋಡುತ್ತಿದ್ದ.

"ಅಮ್ಮಾ, ಮುಂದಿನದ್ರಾಗೆ ನನ್ನ ಹೆಸ್ರಲ್ಲಿ ಒಬ್ಳನ್ನ ಕೊಲ್ಸ್ರಿ" ಎಂದಳು ಜಯಕ್ಕ. "ಆದ್ರೆ ಮೊದಲ್ನೇ ಪುಟದಾಗೇ ಬ್ಯಾಡ. ಒಂದಿಷ್ಟು ಮಾತಾಡಾಕೆ ಬಿಡ್ರಿ."

ಇಪ್ಪತ್ತು ಮರಿ ಮುಗಿಯುವ ಹೊತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ಬಸಮ್ಮ ಹದಿನೇಳನೆಯದನ್ನು ಕವರಿಗೆ ಹಾಕಿಕೊಂಡು, ಕಂಕುಳಲ್ಲಿದ್ದ ಪುಸ್ತಕ ಎತ್ತಿ ತೋರಿಸಿದಳು. "ಹದಿನೆಂಟನೇದು. ಯಾರಿಗೆ ಬೇಕು?" ನಾಲ್ಕು ಕೈ ಚಾಚಿದವು. ಮೊದಲು ಸಿಕ್ಕಿದ್ದು ದೊಡ್ಡತಿಮ್ಮಪ್ಪನವರಿಗೆ. ಅವರು ಪುಸ್ತಕ ತಿರುಗಿಸಿ ಹಿಂದೆ ನೋಡಿದರು. ಕೆಂಪು ದಾರ.

ಮುದುಕರು ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದರು. "ಅಮ್ಮಾ, ಧರ್ಮಪುರ ದೂರ ಆಗ್ತೈತೆ. ಇದ್ರಾಗೆ ಕೊಂದೋನು ಯಾರು? ನನ್ನೊಬ್ಬನ ಕಿವೀಲಿ ಹೇಳ್ರಿ."

ನಾನು ಬಸಮ್ಮನ ಮುಖ ನೋಡಿದೆ. ಬಾಯಲ್ಲಿ ರೊಟ್ಟಿ ಇದ್ದ ಬಸಮ್ಮ, ನನ್ನನ್ನೇ ದಿಟ್ಟಿಸುತ್ತಾ, ಇಲ್ಲವೆಂದು ತಲೆ ಆಡಿಸಿದಳು.

"ಪುಸ್ತಕ ವಾಪಸ್ ಕೊಟ್ಟು ಓದಿಕೊಳ್ಳಿ ಅಜ್ಜಾ" ಎಂದೆ.