ನೀಲವ್ವನ ಕೈಯ ಕೆಂಪು ತಗಡು

ನಾನು ಒಂದು ತಗಡು. ಕಾರ್ಖಾನೆಯ ನೆನಪು ನನಗಿಲ್ಲ. ಬುದ್ಧಿ ತಿಳಿದಾಗ ಕೊಪ್ಪಳದ ಕಡೆಯ ಒಂದು ಸರಕಾರಿ ಶಾಲೆಯ ಅಡುಗೆ ಕೋಣೆಯಲ್ಲಿ ಎಣ್ಣೆ ಡಬ್ಬಿಯ ಮೈಯಾಗಿದ್ದೆ. ಎಣ್ಣೆ ತೀರಿದ ಮೇಲೆ ಗುಜರಿಯೇ ಗತಿ ಅಂದುಕೊಂಡಿದ್ದೆ. ಆದರೆ ಶೇಖರಗೌಡ ಮಾಸ್ತರರು ನನ್ನನ್ನು ದುಂಡಗೆ ಕತ್ತರಿಸಿ, ಕೆಂಪು ಬಣ್ಣ ಬಳಿದು, ಬಿಳಿ ಅಕ್ಷರದಲ್ಲಿ ‘ನಿಲ್ಲಿ’ ಎಂದು ಬರೆದು, ಸಲಿಕೆಯ ಹಳೇ ಮರದ ಹಿಡಿಗೆ ಬಡಿದರು.

ಊರಿಗೂ ಶಾಲೆಗೂ ನಡುವೆ ಹೆದ್ದಾರಿ. ಭತ್ತದ ಲಾರಿಗಳದ್ದೇ ದರಬಾರು. ದಿನಾ ಮುಂಜಾನೆ ನಲವತ್ತು ಮಕ್ಕಳನ್ನು ದಾಟಿಸುವ ಕೆಲಸ ಬಿಸಿಯೂಟ ಮಾಡುವ ನೀಲವ್ವನದು. ಬಾಯಿ ಜೋರು, ಕರುಳು ಮೆತ್ತಗೆ. ಅವಳು ನನ್ನನ್ನು ಎತ್ತಿದರೆ ಎಂಥ ಲಾರಿಯೂ ಗಕ್ಕನೆ ನಿಲ್ಲುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು.

ಮಾಸ್ತರರು ಅಂಗಳದಲ್ಲಿ ರಂಗೋಲಿ ಪುಡಿಯ ರಸ್ತೆ ಬರೆದು ಪಾಠ ಹೇಳಿದರು: ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು. ಮಕ್ಕಳು ಅದನ್ನು ಮಗ್ಗಿಯಂತೆ ರಾಗ ಎಳೆದು ಬಾಯಿಪಾಠ ಮಾಡಿದವು. ಒಂದು ದಿನ ಎರಡನೇ ಇಯತ್ತೆಯ ಹುಲಿಗೆಮ್ಮ ರಾಗವನ್ನು ಪೂರ್ತಿ ಹಾಡಿ, ಕುತ್ತಿಗೆಯನ್ನು ಸರಿಯಾಗಿ ಮೂರು ಸಲ ತಿರುಗಿಸಿ ರಸ್ತೆಗಿಳಿದಳು. ಕಣ್ಣು ಮಾತ್ರ ಕೈಯಲ್ಲಿದ್ದ ಬೋರೆಹಣ್ಣಿನ ಮೇಲಿತ್ತು. ಅಯ್ಯೋ, ಲಾರಿ! ನೀಲವ್ವ ನನ್ನನ್ನು ಬಿಸಾಕಿ ಹುಡುಗಿಯ ಜಡೆ ಹಿಡಿದೆಳೆದಳು. ಚಕ್ರ ನನ್ನ ಅಂಚಿನ ಮೇಲೆ ಹಾದುಹೋಯಿತು.

“ಮೂರ್ ಸಲ ನೋಡೀನಲ್ಲ ಆಯಿ!” ಎಂದು ಹುಡುಗಿ ಅತ್ತಳು.

“ಕುತ್ತಿಗಿ ತಿರುವಿದಿ ಬಿಡವ್ವ. ಏನ್ ಕಂಡಿ, ಅದನ್ನ ಹೇಳು!” ನೀಲವ್ವ ಇನ್ನೂ ಜಡೆ ಬಿಟ್ಟಿರಲಿಲ್ಲ.

ಅಂದಿಗೆ ರಾಗ ನಿಂತಿತು. ಕಂಡದ್ದನ್ನು ಕೂಗಿ ಹೇಳಿದವರಿಗೆ ಮಾತ್ರ ದಾಟಲು ಅಪ್ಪಣೆ. “ಬಲಕ್ಕ ಟ್ರ್ಯಾಕ್ಟರು, ದೂರ ಐತಿ!” “ಎಡಕ್ಕ ಎಮ್ಮಿ!” ಕೇಳಲು ಸಂತೆಯ ಗದ್ದಲದಂತಿತ್ತು. ನನಗೆ ಬಹಳ ಹಿಡಿಸಿತು.

ಮೂರು ವರ್ಷ ಕಳೆದವು. ನೀಲವ್ವನ ಕಣ್ಣಿಗೆ ಪೊರೆ ಬಂತು. ಮಕ್ಕಳನ್ನು ದಾಟಿಸುವ ಕೆಲಸ ಕೈತಪ್ಪೀತೆಂದು ಹೆದರಿ ಯಾರಿಗೂ ಹೇಳಲಿಲ್ಲ. ಗೊತ್ತಿದ್ದುದು ನನಗೊಬ್ಬನಿಗೆ, ನನಗೋ ಬಾಯಿಲ್ಲ. ಒಂದು ಮುಂಜಾನೆ ಮಕ್ಕಳು ಕೂಗುವ ಮೊದಲೇ ನನ್ನನ್ನು ಎತ್ತಿ, “ಏನೂ ಇಲ್ಲ, ಬರ್ರಿ” ಎಂದು ಹೆಜ್ಜೆ ಇಟ್ಟಳು. ಹಿಂದಿನಿಂದ ಹುಲಿಗೆಮ್ಮ ಸೆರಗು ಹಿಡಿದು ಜಗ್ಗಿದಳು. ಮೂಗಿನ ಮುಂದೆಯೇ ಬೈಕೊಂದು ಸುಂಯ್ ಎಂದು ಹೋಯಿತು.

“ಬಲಕ್ಕ ಏನ್ ಕಂಡಿ ಆಯಿ? ಖರೇ ಹೇಳು.”

ನೀಲವ್ವ ನನ್ನನ್ನು ಕೆಳಗಿಳಿಸಿದಳು. “ಏನೂ ಕಾಣವಲ್ದು ತಂಗಿ” ಎಂದಳು.

ಹುಲಿಗೆಮ್ಮ ಮಕ್ಕಳನ್ನೆಲ್ಲ ಅಲ್ಲೇ ನಿಲ್ಲಿಸಿ, ಆಚೆ ಇದ್ದ ಮಾಸ್ತರರನ್ನು ಕೂಗಿ ಕರೆದಳು. ಅವರು ಬಂದು ದಾಟಿಸಿದರು. ನೀಲವ್ವನ ಕೈ ಹಿಡಿದು ದಾಟಿಸಿದ್ದು ಮಾತ್ರ ಹುಲಿಗೆಮ್ಮ. ಆ ತಿಂಗಳೇ ಕಣ್ಣಿನ ಆಪರೇಷನ್ ಆಯಿತು.

ಈಗ ನನ್ನ ಜಾಗಕ್ಕೆ ಹೊಳೆಯುವ ಹೊಸ ಫಲಕ ಬಂದಿದೆ. ಅದನ್ನು ಮಾಸ್ತರರು ಹಿಡಿಯುತ್ತಾರೆ. ನಾನು ಅಡುಗೆ ಕೋಣೆಯ ನೀರಿನ ಹಂಡೆಗೆ ಮುಚ್ಚಳ. ಅಂಚು ಸೊಟ್ಟಗಿರುವುದರಿಂದ ಪೂರ್ತಿ ಮುಚ್ಚಲಾರೆ. ನೀಲವ್ವ ಬೈಯುತ್ತಾಳೆ, ಆದರೆ ಬದಲಾಯಿಸುವುದಿಲ್ಲ. ಮುಂಜಾನೆ ರಸ್ತೆಯಿಂದ ಮಕ್ಕಳ ಕೂಗು ಕೇಳುತ್ತದೆ. ದಪ್ಪ ಕನ್ನಡಕದ ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಕೊನೆಯ ಮಗು ಈಚೆ ಕಾಲಿಟ್ಟ ಮೇಲೆಯೇ ಅವಳು ನನ್ನನ್ನು ಎತ್ತಿ, ಅಕ್ಕಿಗೆ ನೀರು ತೆಗೆಯುವುದು.