ಬೈಗುಳ ಮಾತಿನ ಲೆಕ್ಕಕ್ಕಿಲ್ಲ

ಇಟಲಿಯ ಪಿಯಾವೆ ನದಿಯ ದಂಡೆಯಲ್ಲಿರುವ ನಮ್ಮೂರಿನ ಚರ್ಚ್ ಸಭಾಂಗಣದಲ್ಲಿ ಇಸ್ಪೀಟು ಪಂದ್ಯಕ್ಕೆ ಇದ್ದ ಕಟ್ಟುನಿಟ್ಟಿನ ನಿಯಮ ಒಂದೇ: ಕೈಯಲ್ಲಿರುವ ಎಲೆ ಯಾವುದೆಂದು ಜೊತೆಗಾರನಿಗೆ ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಕೂಡದು. ದೇವರನ್ನು ಬೈಯುವುದನ್ನು ಮಾತೆಂದು ಯಾರೂ ಪರಿಗಣಿಸಿರಲಿಲ್ಲ. ಅದು ಕೆಮ್ಮಿನ ಹಾಗೆ, ತಾನಾಗಿ ಬರುವಂಥದು.

ಪರಿಗಣಿಸಿದವಳು ಒರ್ತೆನ್ಸಿಯಾ ಒಬ್ಬಳೇ. ಸಭಾಂಗಣದಲ್ಲಿ ವೈನ್ ಕೊಡುವ ಕೆಲಸ ಅವಳದು. ಅವಳ ಕಟ್ಟೆಯ ಹಿಂದಿನ ಗೋಡೆಯಲ್ಲಿ ಅವಳೇ ತಂದು ತೂಗುಹಾಕಿದ ಮಾತೆ ಮರಿಯಮ್ಮನ ಚಿತ್ರವಿತ್ತು. ಗಂಡ ಪಾರ್ಶ್ವವಾಯುವಿನಿಂದ ಮಲಗಿದ್ದ ವರ್ಷಗಳಲ್ಲಿ ಅದು ಅವಳ ಮನೆಯಲ್ಲಿತ್ತು. ಆಗ ಅವಳೊಡನೆ ರಾತ್ರಿಯೆಲ್ಲ ಎಚ್ಚರವಾಗಿದ್ದದ್ದು ಆ ಮುಖವೊಂದೇ.

ಹಂದಿ ತೊಡೆಯ ಬಹುಮಾನವಿದ್ದ ಕೊನೆಯ ಪಂದ್ಯಕ್ಕೆ ಮೊದಲು ಅವಳು ಗಾರೆ ಕೆಲಸದ ನೆರೆಯೊನ ಎದುರು ನಿಂತಳು.

"ಒಂದೇ ಒಂದು ಆಟ, ನೆರೆಯೊ. ಆ ಮಾತೆಯನ್ನ ಹಂದಿ ಅನ್ನದೆ ಆಡು."

"ಅಯ್ಯೋ ಅಕ್ಕ, ಬಾಯಿಚಟ ಕಣೆ ಅದು. ಅದಕ್ಕೆ ಅರ್ಥಾನೇ ಇಲ್ಲ. ಅವಳೇ ಸುಮ್ನಿದಾಳೆ, ನಿಂಗ್ಯಾಕೆ ಉರಿ?"

ಕೋಣೆಯೆಲ್ಲ ನಕ್ಕಿತು. ಪಾದ್ರಿ ಇಲಾರಿಯೊ ತಟ್ಟೆಯಿಂದ ಸಲಾಮಿ ಮಾಂಸದ ತುಂಡೊಂದನ್ನು ಎತ್ತಿಕೊಳ್ಳುತ್ತ, "ಬಿಡಮ್ಮ, ಅವರೇನು ಮನಸಾರೆ ಅನ್ನಲ್ಲ" ಎಂದರು.

"ಹಾಗಾದ್ರೆ ನಿಮ್ಮನ್ನೇ ಅನ್ನಲಿ ಫಾದರ್."

ಪಾದ್ರಿ ಮತ್ತೆ ಸಲಾಮಿ ತಟ್ಟೆಯತ್ತ ತಿರುಗಿದರು.

ಆಟ ಶುರುವಾಯಿತು. ನೆರೆಯೊ ಮತ್ತು ಗೆಲಿಂದೊ ಒಂದು ಜೋಡಿ. ಪಕ್ಕದೂರಿನ ಸಾಂತೆ ಮತ್ತು ಅವನ ತಮ್ಮ ಇನ್ನೊಂದು. ಒರ್ತೆನ್ಸಿಯಾ ವೈನ್ ಹಿಡಿದು ನೆರೆಯೊನ ಬೆನ್ನ ಹಿಂದೆ ಬಂದಳು. ಅವನು ಎಲೆ ಎಳೆದ, ತುರುಪಿನ ಎಕ್ಕ. ಅದಕ್ಕಿಂತ ಒಳ್ಳೆಯ ಎಲೆ ಆಟದಲ್ಲಿಲ್ಲ.

"ಹಂದಿ ಮರಿಯಮ್ಮ!" ಎಂದ ನೆರೆಯೊ.

ಒರ್ತೆನ್ಸಿಯಾ ವೈನ್ ಸುರಿಯುವುದನ್ನು ನಿಲ್ಲಿಸಿದಳು. ಎಕ್ಕ ಸಿಕ್ಕವನು ಬೈಯುವುದೇಕೆ? ಎದುರಿಗಿದ್ದ ಗೆಲಿಂದೊ ತನ್ನ ಅತಿ ಬೆಲೆಯ ಎಲೆಯನ್ನು ನಿಶ್ಚಿಂತೆಯಿಂದ ಎಸೆದ. ನೆರೆಯೊ ಎಕ್ಕ ಹಾಕಿ ಎಲ್ಲವನ್ನೂ ಬಾಚಿಕೊಂಡ. ಅವಳು ಅಲ್ಲಿಂದ ಕದಲಲಿಲ್ಲ. ಮುಂದೆ, ಈ ಆಟದಲ್ಲಿ ಎಕ್ಕದ ನಂತರದ ದೊಡ್ಡ ಎಲೆಯಾದ ತುರುಪಿನ ಮೂರು ಬಂದಾಗ ನೆರೆಯೊ ಬೈದದ್ದು ಮಾತೆಯನ್ನಲ್ಲ, ದೇವರನ್ನು: "ನಾಯಿ ದೇವ್ರು!" ಗೆಲಿಂದೊ ಮತ್ತೆ ಬೆಲೆಯ ಎಲೆ ಎಸೆದ. ಬೆಲೆಯಿಲ್ಲದ ಎಲೆಗಳು ಬಂದಾಗ ನೆರೆಯೊನ ಬಾಯಿ ಸಂತನ ಬಾಯಿಯಷ್ಟು ಶುದ್ಧವಾಗಿತ್ತು.

ಅವಳು ಹೂಜಿಯನ್ನು ಮೇಜಿನ ನಡುವೆ ಕುಕ್ಕಿದಳು.

"ಅರ್ಥ ಇಲ್ಲ ಅಂದ್ಯಲ್ಲೋ? ಮರಿಯಮ್ಮ ಅಂದ್ರೆ ಎಕ್ಕ, ದೇವ್ರು ಅಂದ್ರೆ ಮೂರು. ಸಾಂತೆ, ನೀನೇ ನೆನಪು ಮಾಡ್ಕೊ."

ಗೆಲಿಂದೊನ ಕಿವಿಗಳು ಕೆಂಪಾದವು. ಅಷ್ಟು ಸಾಕಾಯಿತು.

"ಕೋಪಕ್ಕೆ ನಾಲಿಗೆ ಜಾರುತ್ತೆ ಅಂತ ಇಷ್ಟು ವರ್ಷ ನುಂಗ್ಕೊಂಡೆ," ಎಂದಳು ಒರ್ತೆನ್ಸಿಯಾ. "ನೀನು ಅವಳನ್ನ ಜೀತಕ್ಕಿಟ್ಕೊಂಡಿದ್ದೆ, ಒಂದು ಹಂದಿ ತೊಡೆಯ ಬಹುಮಾನಕ್ಕೆ. ಅವಳ ಹತ್ರ ತಪ್ಪಾಯ್ತು ಅನ್ನು. ಈಗಲೇ."

ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಕುರ್ಚಿಗಳು ಉರುಳಿದ್ದವು. ಅದುವರೆಗೆ ನಕ್ಕವರೆಲ್ಲ ಎದ್ದು ನಿಂತಿದ್ದರು; ಪಾದ್ರಿಯ ಮುಖವೂ ಸಿಟ್ಟಿನಿಂದ ಬಿಳಿಚಿತ್ತು. "ನನ್ನ ಸಭಾಂಗಣದಲ್ಲಿ ಮೋಸವೇ!" ಎಂದು ಅವರು ಗುಡುಗಿದರು. ಸಾಂತೆ ನೆರೆಯೊನ ಕೊರಳಪಟ್ಟಿ ಹಿಡಿದಿದ್ದ.

"ಹಂದಿ ಮರಿಯಮ್ಮ!" ಎಂದು ಕಿರುಚಿದ ಸಾಂತೆ. "ನಾವು ನಿಯತ್ತಿನ ಜನ ಕಣೋ! ನಿಂಗೆ ಯಾವುದೂ ಪವಿತ್ರ ಅಲ್ವೇನೋ?"

ಒರ್ತೆನ್ಸಿಯಾ ಕಟ್ಟೆಯ ಹಿಂದೆ ಹೋಗಿ, ಸ್ಟೂಲು ಹತ್ತಿ, ಚಿತ್ರವನ್ನು ಮೊಳೆಯಿಂದ ಬಿಡಿಸಿದಳು. ಅದರ ಮುಖವನ್ನು ಎದೆಗೆ ಒತ್ತಿ ಹಿಡಿದು, ಸಭಾಂಗಣದ ಬೀಗದ ಕೈಯನ್ನು ಪಾದ್ರಿಯ ಸಲಾಮಿ ತಟ್ಟೆಯಲ್ಲಿ ಹಾಕಿ, ಬಾಗಿಲು ದಾಟಿದಳು.